ಕುಕ್ಕರಗಾಲಲ್ಲಿ ಕೂರಬಲ್ಲ ಕಾಲು

ಜೈಪುರದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿಗೆ 2025ರಲ್ಲಿ ಐವತ್ತು ತುಂಬಿತು. ಕಾಲು ಕಳೆದುಕೊಂಡವರಿಗೆ ಒಂದು ಕಾಸೂ ಕೇಳದೆ ಕೃತಕ ಕಾಲು ಜೋಡಿಸುವ ಈ ಸಂಸ್ಥೆಯನ್ನು 1975ರಲ್ಲಿ ಕಟ್ಟಿದವರು ಐಎಎಸ್ ಅಧಿಕಾರಿಯಾಗಿದ್ದ ಡಿ.ಆರ್. ಮೆಹ್ತಾ. ಅಪಘಾತವೊಂದರಲ್ಲಿ ಅವರ ಕಾಲೂ ಹೋಗಿಯೇಬಿಡುವುದರಲ್ಲಿತ್ತು. ಸಮಿತಿಯ ಶಾಖೆಗಳು ಇಂದು ಹಲವು ರಾಜ್ಯಗಳಲ್ಲಿವೆ, ಶಿಬಿರಗಳು ಆಫ್ಘಾನಿಸ್ತಾನದವರೆಗೂ ಹೋಗಿವೆ. ಸುವರ್ಣ ಮಹೋತ್ಸವದ ಹೊಗಳಿಕೆ ಒತ್ತಟ್ಟಿಗಿರಲಿ, ಆ ಕಾಲನ್ನು ಮಾಡುವ ಬಗೆಯನ್ನೇ ನೋಡೋಣ.

ಆ ಕಾಲಿನ ಪಾದ ಸಮಿತಿಗಿಂತ ಹಳೆಯದು. 1968ರ ಸುಮಾರಿಗೆ ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ಮೂಳೆತಜ್ಞ ಡಾ. ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮಾ ಸೇರಿ ಅದನ್ನು ರೂಪಿಸಿದರು. ಆಗ ಸಿಗುತ್ತಿದ್ದ ವಿದೇಶಿ ಮಾದರಿಯ ಪಾದಕ್ಕೆ ಬೂಟು ಬೇಕೇ ಬೇಕು, ಬಾಗು ಅಂದರೆ ಬಾಗದು. ನಮ್ಮವರೋ ಬರಿಗಾಲಲ್ಲಿ ಗದ್ದೆಗಿಳಿಯುವವರು, ಚಕ್ಕಳಮಕ್ಕಳ ಹಾಕಿ ಉಣ್ಣುವವರು, ಬಯಲಿಗೆ ಹೋದರೆ ಕುಕ್ಕರಗಾಲಲ್ಲೇ ಕೂರಬೇಕಾದವರು. ಎಷ್ಟೋ ಮಂದಿ ಆ ಕಾಲನ್ನು ಮೂಲೆಗಿಟ್ಟು ಊರುಗೋಲಿಗೇ ಮರಳುತ್ತಿದ್ದರು. ಹೆಚ್ಚು ಓದಿರದ ಶರ್ಮಾ ಅವರ ಕೈಗೆ ಹೊಳೆದದ್ದು ರಬ್ಬರು.

ಹಿಮ್ಮಡಿಗೆ ಮತ್ತು ಬೆರಳಿನ ಭಾಗಕ್ಕೆ ಹವಾಯಿ ಚಪ್ಪಲಿಯಂಥ ಮೆದು ರಬ್ಬರಿನ ತುಂಡುಗಳು, ಕಣಕಾಲಿಗೆ ಮರದ ತುಂಡು. ಇವನ್ನು ಟೈರಿನ ನೂಲಿರುವ ರಬ್ಬರಿನಿಂದ ಬಿಗಿದು, ಮೇಲೆ ಮೈಬಣ್ಣದ ರಬ್ಬರು ಹೊದಿಸಿ, ಪಾದದಾಕಾರದ ಲೋಹದ ಅಚ್ಚಿನಲ್ಲಿಟ್ಟು ಬೇಯಿಸುತ್ತಾರೆ. ಹೊರಬಂದ ಪಾದ ಮುಂದಕ್ಕೂ ಬಾಗುತ್ತದೆ, ಪಕ್ಕಕ್ಕೂ ಹೊರಳುತ್ತದೆ. ನೀರಿಗೆ ಹೆದರುವುದಿಲ್ಲ. ಬೆರಳುಗಳ ಗೆರೆಯೂ ಕಾಣುತ್ತದೆ.

ನನ್ನ ಮಟ್ಟಿಗೆ ನಿಜವಾದ ಕೈಚಳಕವಿರುವುದು ಮೋಟುಗಾಲು ಕೂರುವ ಗೂಡಿನಲ್ಲಿ. ಮೊದಲು ಮೋಟುಗಾಲಿಗೆ ಪ್ಲಾಸ್ಟರ್ ಪಟ್ಟಿ ಸುತ್ತಿ ಅಳತೆ ತೆಗೆಯುತ್ತಾರೆ. ಕಳಚಿದ ಆ ಪಟ್ಟಿಯ ಟೊಳ್ಳಿಗೆ ಪ್ಲಾಸ್ಟರ್ ಹುಯ್ದರೆ ಕಾಲಿನ ಪಡಿಯಚ್ಚು ಸಿಗುತ್ತದೆ. ಅದನ್ನು ಹಾಗೇ ಬಳಸುವಂತಿಲ್ಲ. ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು ಭಾರ ಹೊರಬಲ್ಲದು, ಹಾಗಾಗಿ ಅಲ್ಲಿ ಕೊಂಚ ಕೆರೆಯಬೇಕು. ಮೂಳೆಯ ಏಣು ಒತ್ತಿದರೆ ಹುಣ್ಣಾಗುತ್ತದೆ, ಅಲ್ಲಿ ಕೊಂಚ ಮೆತ್ತಬೇಕು. ಎಷ್ಟು ಎಂಬುದು ಬೆರಳಿಗೆ ಗೊತ್ತು. ಬಳಿಕ ನೀರಾವರಿಗೆ ಬಳಸುವ ಜಾತಿಯ ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪನ್ನು ಒಲೆಯಲ್ಲಿ ಮೆತ್ತಗಾಗುವವರೆಗೆ ಕಾಯಿಸಿ, ಅಚ್ಚಿನ ಮೇಲೆ ಸರಸರನೆ ಎಳೆದು ಕೂರಿಸುತ್ತಾರೆ. ತಡವಾದರೆ ಪೈಪು ಬಿಗಿದುಕೊಳ್ಳುತ್ತದೆ. ಆರಿದ ಮೇಲೆ ಅಂಚು ಕತ್ತರಿಸಿ, ಪಾದ ಸೇರಿಸಿ, ಪಟ್ಟಿ ಕಟ್ಟಿ ನಡೆಸಿ ನೋಡುವುದು, ಕುಂಟಿದರೆ ಮತ್ತೆ ತಿದ್ದುವುದು.

ಇಂಥ ಕಾಲು ತೊಟ್ಟೇ ನರ್ತಕಿ ಸುಧಾ ಚಂದ್ರನ್ ವೇದಿಕೆಗೆ ಮರಳಿದರು. ಮಂಡಿಯೂ ಹೋದವರಿಗೆ ಕಾಲು ಜೋಡಿಸುವ ಕೆಲಸ ಇನ್ನೂ ಕಷ್ಟದ್ದು. ಅವರಿಗಾಗಿ ಸಮಿತಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೊತೆಗೂಡಿ ಅಗ್ಗದ ಮಂಡಿಕೀಲನ್ನು ಸಿದ್ಧಪಡಿಸಿತು.

ನಿಮ್ಮೂರಲ್ಲಿ ಕಾಲು ಕಳೆದುಕೊಂಡು ಮನೆ ಹಿಡಿದವರಿದ್ದರೆ ಅವರಿಗೆ ಇಷ್ಟು ತಿಳಿಸಿ. ಜೈಪುರದ ಕೇಂದ್ರಕ್ಕೆ ಮೊದಲೇ ಹೆಸರು ಬರೆಸದೆ ಹೋಗಬಹುದು, ಊಟ ವಸತಿಗೂ ದುಡ್ಡು ಕೊಡಬೇಕಿಲ್ಲ. ಕೆಲವು ವರ್ಷಕ್ಕೆ ಕಾಲು ಸವೆಯುತ್ತದೆ, ಆಗ ಬದಲಿ ಕಾಲೂ ಪುಕ್ಕಟೆ.