ಫಾರಿನ್‌ಗೆ ಹೊರಟಿದ್ದೀರಾ? ಮೊದಲು ಮನೆಯ ಬೀರು ತೆಗೆಯಿರಿ

ಶುಕ್ರವಾರ ಸಂಜೆ ಬೆಂಗಳೂರಿನಿಂದ ಕಡೂರು ಕಡೆ ಹೊರಡೋ ರೈಲಲ್ಲಿ ಕೂತರೆ ಅಕ್ಕಪಕ್ಕದವರ ಮೊಬೈಲಲ್ಲಿ ಏನು ಓಡ್ತಿದೆ ಅಂತ ಇಣುಕಿ ನೋಡಬೇಕಾಗಿಲ್ಲ, ತಾನಾಗಿ ಕೇಳಿಸುತ್ತೆ. ಕೆಲಸ ಇಲ್ಲದಿದ್ದರೂ ಪಿಆರ್, ಆರೇ ತಿಂಗಳಲ್ಲಿ ಫ್ಯಾಮಿಲಿ ಸಮೇತ ಕೆನಡಾ! ರೀಲ್ ಮುಗಿಯೋದರೊಳಗೆ ಒಂದು ಫೋನ್ ನಂಬರ್. ಆ ನಂಬರ್‌ಗೆ ಫೋನ್ ಮಾಡೋದು ಕೊನೆಯ ಕೆಲಸ. ಮೊದಲ ಕೆಲಸ ಊರಿನ ಮನೆಯ ಬೀರುವಿನಲ್ಲಿದೆ.

ಒಂದು ಜೋಡಿಯನ್ನು ಕಲ್ಪಿಸಿಕೊಳ್ಳೋಣ. ಬೀರೂರು ಜಂಕ್ಷನ್‌ನಲ್ಲಿ ಹಳಿ ಕವಲಾಗುತ್ತಲ್ಲ, ಒಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿಗೆ, ಇನ್ನೊಂದು ತರೀಕೆರೆ ಮೇಲೆ ಶಿವಮೊಗ್ಗಕ್ಕೆ. ಗಂಡ ಆ ಕಡೆಯವನು, 33 ವರ್ಷ, ಬಿಇ ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಹೆಂಡತಿ ಈ ಕಡೆಯವಳು, 29, ಬಿಎಸ್ಸಿ ನರ್ಸಿಂಗ್, ಅದೇ ಬೆಂಗಳೂರಿನ ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ. ಅಪ್ಪನ ಹೆಸರಲ್ಲಿ ಅಡಿಕೆ, ತೆಂಗಿನ ತೋಟ ಇದೆ.

ಇವರ ಮೊದಲ ತೊಡಕು ವೀಸಾ ಅಲ್ಲ, ಹೆಸರು. ನಮ್ಮ ಕಡೆ ಇನಿಷಿಯಲ್ ಅಂದರೆ ಊರಿನ ಹೆಸರೂ ಆಗಿರಬಹುದು, ಅಪ್ಪನ ಹೆಸರೂ ಆಗಿರಬಹುದು, ಎರಡೂ ಇರಬಹುದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಎರಡಕ್ಷರ ಮುಂದೆ, ಡಿಗ್ರಿ ಸರ್ಟಿಫಿಕೇಟಲ್ಲಿ ಒಂದಕ್ಷರ ಹಿಂದೆ, ಮದುವೆಯಾದ ಮೇಲೆ ತಿದ್ದಿಸಿದ ಆಧಾರ್‌ನಲ್ಲಿ ಗಂಡನ ಹೆಸರು. ಊರಲ್ಲಿ ಇದನ್ನು ಯಾರೂ ಕೇಳಲ್ಲ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ನಡೆಯಲ್ಲ, ಬಿಡಿಸಿ ಬರೆಯಬೇಕು. ಸರ್‌ನೇಮ್ ಜಾಗ ಖಾಲಿ ಬಿಟ್ಟರೆ ಪಾಸ್‌ಪೋರ್ಟ್ ಸಿಗುತ್ತೆ ನಿಜ, ಆದರೆ ಮುಂದೆ ಕಾಡುತ್ತೆ. 2022ರ ನವೆಂಬರ್‌ನಿಂದ ಯುಎಇ ಒಂಟಿ ಹೆಸರಿನ ಪಾಸ್‌ಪೋರ್ಟ್‌ಗೆ ಪ್ರವಾಸಿ ವೀಸಾ ನಿಲ್ಲಿಸಿದ್ದು ನೆನಪಿರಬಹುದು. ಹಾಗಾಗಿ ಇಬ್ಬರೂ ಕೂತು ಹೆಸರು ಹೀಗೇ ಇರಬೇಕು ಅಂತ ತೀರ್ಮಾನ ಮಾಡಿ, ಉಳಿದ ದಾಖಲೆಗಳನ್ನು ಅದಕ್ಕೆ ಹೊಂದಿಸಿ. ಹೆಂಡತಿ ಮದುವೆಯಾದ ಮೇಲೆ ಹೆಸರು ಬದಲಿಸಲೇಬೇಕು ಅನ್ನೋ ಕಾನೂನು ಇಲ್ಲ. ಓದಿದ ಹೆಸರಲ್ಲೇ ಇದ್ದರೆ ಅರ್ಧ ತಲೆನೋವು ಕಮ್ಮಿ. ಅತ್ತೆಗೆ ಬೇಜಾರಾದರೆ ಒಂದು ದಿನದ ಮಾತು. ದಾಖಲೆ ಹೊಂದದಿದ್ದರೆ ಆರು ತಿಂಗಳ ಅಲೆದಾಟ.

ಮುಂದಿನದು ಮದುವೆ ಸರ್ಟಿಫಿಕೇಟ್. ಲಗ್ನಪತ್ರಿಕೆ, ಆಲ್ಬಮ್ಮು, ಛತ್ರದ ರಸೀದಿ ಯಾವುದೂ ಇದಕ್ಕೆ ಬದಲಿಯಲ್ಲ. ಮದುವೆ ನೋಂದಣಿ ಕಡ್ಡಾಯ ಆಗಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2006ರಲ್ಲಿ. ಆದರೂ ನಮ್ಮಲ್ಲಿ ಎಷ್ಟೋ ಜೋಡಿಗಳಿಗೆ ಅದು ನೆನಪಾಗೋದು ವೀಸಾ ಅರ್ಜಿ ತುಂಬುವಾಗಲೇ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮಾಡಿಸಬಹುದು. 2024ರಿಂದ ಹಿಂದೂ ವಿವಾಹಗಳಿಗೆ ಕಾವೇರಿ 2.0 ತಂತ್ರಾಂಶದಲ್ಲಿ ಆನ್‌ಲೈನ್ ದಾರಿಯೂ ಇದೆ.

ಇಷ್ಟಾದ ಮೇಲೆ ನಿಜವಾದ ಪ್ರಶ್ನೆ: ಅರ್ಜಿ ಯಾರ ಹೆಸರಲ್ಲಿ? ನಮ್ಮಲ್ಲಿ ಕೇಳೋದೇ ಇಲ್ಲ, ಗಂಡನ ಹೆಸರಲ್ಲೇ ಅಂತ ಎಲ್ಲರೂ ಅಂದುಕೊಂಡಿರ್ತಾರೆ. ಇಲ್ಲೇ ಬಹಳ ಜನ ಅಂಕ ಕಳಕೊಳ್ಳೋದು. 2015ರ ಜನವರಿಯಲ್ಲಿ ಶುರುವಾದ ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಯನ್ನೇ ನೋಡಿ. ಒಟ್ಟು 1200 ಅಂಕದ ಲೆಕ್ಕ. ಜೋಡಿಯಾಗಿ ಹೋಗುವವರಲ್ಲಿ ಒಬ್ಬರು ಮುಖ್ಯ ಅರ್ಜಿದಾರರು. ಅವರಿಗೆ 29ರವರೆಗೆ ವಯಸ್ಸಿಗೇ 100 ಅಂಕ, 30 ತುಂಬಿದ ಮೇಲೆ ವರ್ಷಕ್ಕೆ ಐದೈದು ಕಳಚುತ್ತಾ ಹೋಗುತ್ತೆ. ನಮ್ಮ ಜೋಡಿಯಲ್ಲಿ ಗಂಡ ಮುಂದೆ ನಿಂತರೆ 80, ಹೆಂಡತಿ ನಿಂತರೆ 100. ಜೊತೆಯಲ್ಲಿ ಹೋಗುವ ಸಂಗಾತಿಯ ಓದು, ಇಂಗ್ಲಿಷ್, ಕೆನಡಾದ ಅನುಭವ ಎಲ್ಲ ಸೇರಿದರೂ ಗರಿಷ್ಠ 40 ಅಂಕ. ಅದರಲ್ಲಿ 20 ಬರೀ ಭಾಷೆಗೆ. ಅಂದರೆ ಹಿಂದೆ ನಿಲ್ಲುವವರೂ ಪರೀಕ್ಷೆ ಬರೆಯಬೇಕು. ಎರಡೂ ಥರ ಅಂಕ ಹಾಕಿ ನೋಡಿ, ಕೆನಡಾ ಸರ್ಕಾರದ ವೆಬ್‌ಸೈಟಲ್ಲೇ ಪುಕ್ಕಟೆ ಕ್ಯಾಲ್ಕುಲೇಟರ್ ಇದೆ. ಇದೇ ಲೆಕ್ಕ ಹಾಕಿಕೊಡೋಕೆ ಸಾವಿರಾರು ರೂಪಾಯಿ ಕೇಳುವ ಆಫೀಸುಗಳಿವೆ.

ಐಇಎಲ್‌ಟಿಎಸ್ ಜನರಲ್ ಪರೀಕ್ಷೆಯಲ್ಲಿ ನಾಲ್ಕು ವಿಭಾಗಕ್ಕೂ 6 ಬಂದರೆ ಮುಖ್ಯ ಅರ್ಜಿದಾರರಿಗೆ ಭಾಷೆಗೆ 64 ಅಂಕ. ಕೇಳುವುದರಲ್ಲಿ 8, ಉಳಿದ ಮೂರರಲ್ಲಿ 7 ಬಂದರೆ 116. ಅದರ ಮೇಲೆ ಓದು, ಅನುಭವಕ್ಕೆ ಸೇರಿ ಬರುವ ಅಂಕಗಳೂ ಏರುತ್ತವೆ. ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಹೆದರಿಕೆ ಇರುತ್ತೆ, ಆದರೆ ಮೂರು ತಿಂಗಳು ಕೂತು ಅಭ್ಯಾಸ ಮಾಡಿದರೆ ಇಷ್ಟು ಅಂಕ ತರೋ ದಾರಿ ಬೇರೆ ಇಲ್ಲ. ಫಲಿತಾಂಶ 2 ವರ್ಷ ಮಾತ್ರ ಊರ್ಜಿತ, ಆದ್ದರಿಂದ ತೀರಾ ಮೊದಲೇ ಬರೆದು ಕೂರಬೇಡಿ. ಪದವಿಯ ಮೌಲ್ಯಮಾಪನ ವರದಿ 5 ವರ್ಷ ನಡೆಯುತ್ತೆ, ಅದನ್ನು ಮೊದಲು ಮಾಡಿಸಿ. ಅದಕ್ಕೆ ವಿಶ್ವವಿದ್ಯಾಲಯದ ಟ್ರಾನ್ಸ್‌ಕ್ರಿಪ್ಟ್ ಬೇಕು. ಕಡೂರು, ತರೀಕೆರೆಯ ಸರ್ಕಾರಿ ಕಾಲೇಜಲ್ಲಿ ಡಿಗ್ರಿ ಮಾಡಿದವರು ಶಂಕರಘಟ್ಟದ ಕುವೆಂಪು ವಿವಿಗೆ, ಎಂಜಿನಿಯರ್‌ಗಳು ಬೆಳಗಾವಿಯ ವಿಟಿಯುಗೆ, ನರ್ಸ್‌ಗಳು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿವಿಗೆ ಅರ್ಜಿ ಹಾಕಬೇಕಾಗುತ್ತೆ.

ಒಂದು ಕಹಿ ಮಾತನ್ನೂ ಹೇಳಿಬಿಡ್ತೀನಿ. ಅಂಕ ಇದ್ದ ಮಾತ್ರಕ್ಕೆ ಕರೆ ಬರಲ್ಲ. 2023ರಿಂದ ಕೆನಡಾ ಫ್ರೆಂಚ್ ಬಲ್ಲವರು, ಆರೋಗ್ಯ ಕ್ಷೇತ್ರದವರು ಅಂತ ವರ್ಗ ಮಾಡಿ ಕರೆಯುತ್ತಿದೆ. ಕೆಲಸದ ಆಫರ್‌ಗೆ ಸಿಗುತ್ತಿದ್ದ ಅಂಕವನ್ನು 2025ರ ಮಾರ್ಚ್ 25ರಿಂದ ತೆಗೆದೇ ಹಾಕಿದೆ. ಆಫರ್ ಲೆಟರ್ ಮಾರುವವರು ಅದನ್ನು ನಿಮಗೆ ಹೇಳಲ್ಲ. ನಮ್ಮ ಜೋಡಿಯಲ್ಲಿ ನರ್ಸ್ ಹೆಂಡತಿಯೇ ಮುಂದೆ ನಿಲ್ಲಬೇಕು ಅನ್ನೋಕೆ ಇದು ಇನ್ನೊಂದು ಕಾರಣ. ಆದರೆ ಪಿಆರ್ ಬಂದರೂ ಅಲ್ಲಿ ನರ್ಸ್ ಆಗಿ ಕೆಲಸ ಮಾಡೋಕೆ ಪ್ರತ್ಯೇಕ ಲೈಸೆನ್ಸ್ ಬೇಕು.

ಬೇರೆ ದೇಶಗಳಲ್ಲೂ ಜೋಡಿಯ ಲೆಕ್ಕ ಇದೆ. ಆಸ್ಟ್ರೇಲಿಯಾದಲ್ಲಿ ಕನಿಷ್ಠ 65 ಅಂಕ ಬೇಕು, ಸಂಗಾತಿಯೂ 45ರೊಳಗಿದ್ದು ವೃತ್ತಿ ಮೌಲ್ಯಮಾಪನ, ಇಂಗ್ಲಿಷ್ ಎರಡನ್ನೂ ಪಾಸು ಮಾಡಿದರೆ 10 ಅಂಕ, ಬರೀ ಇಂಗ್ಲಿಷ್ ಆದರೆ 5. ಜರ್ಮನಿಯಲ್ಲಿ ಬ್ಲೂ ಕಾರ್ಡ್ ಸಿಕ್ಕವರ ಗಂಡ ಅಥವಾ ಹೆಂಡತಿಗೆ ಹೋಗುವ ಮೊದಲೇ ಜರ್ಮನ್ ಬರಬೇಕೆಂದಿಲ್ಲ, ಅಲ್ಲಿ ಕೆಲಸವನ್ನೂ ಮಾಡಬಹುದು.

ಈಗ ದುಡ್ಡು. ಕೆನಡಾದಲ್ಲಿ ಕೆಲಸ ಗೊತ್ತಾಗಿಲ್ಲದೆ ಹೋಗುವ ಇಬ್ಬರು 2025ರ ಜುಲೈನಲ್ಲಿ ಬಂದ ಪಟ್ಟಿಯ ಪ್ರಕಾರ 19,001 ಕೆನಡಾ ಡಾಲರ್ ತೋರಿಸಬೇಕು. ನಮ್ಮ ಲೆಕ್ಕದಲ್ಲಿ ಹನ್ನೆರಡು ಲಕ್ಷದ ಆಸುಪಾಸು, ವರ್ಷಾವರ್ಷ ಬದಲಾಗುತ್ತೆ. ಅಪ್ಪ ಏನಂತಾರೆ ಗೊತ್ತಲ್ಲ? ತೋಟ ಇದೆಯಲ್ಲೋ, ಪಹಣಿ ತೋರಿಸು. ಪಹಣಿ ನಡೆಯಲ್ಲ. ಜಮೀನು, ಮನೆಯ ಬೆಲೆ ಈ ಲೆಕ್ಕಕ್ಕೆ ಬರಲ್ಲ, ಯಾರ ಹತ್ತಿರವಾದರೂ ಸಾಲ ತಂದು ಬ್ಯಾಂಕಿಗೆ ಹಾಕಿದ್ದೂ ಬರಲ್ಲ. ಬ್ಯಾಂಕಿನ ಪತ್ರದಲ್ಲಿ 6 ತಿಂಗಳ ಸರಾಸರಿ ಬಾಕಿ ಇರಬೇಕು, ಜೊತೆಗೆ ನಿಮ್ಮ ತಲೆ ಮೇಲಿರುವ ಸಾಲವೂ ಕಾಣುತ್ತೆ. ಅಡಿಕೆ ದುಡ್ಡನ್ನು ಅಪ್ಪ ಕೊಟ್ಟರೆ ತಗೊಳ್ಳಿ, ಆದರೆ ವಾಪಸ್ ಕೊಡಬೇಕಿಲ್ಲದ ಕೊಡುಗೆ ಅಂತ ಪತ್ರ ಬರೆಸಿಟ್ಟುಕೊಳ್ಳಿ. ಸಂಘದಲ್ಲಿ ತೋಟ ಅಡವಿಟ್ಟು ದುಡ್ಡು ತರೋ ಯೋಚನೆ ಮಾತ್ರ ಬೇಡವೇ ಬೇಡ.

ತೋಟದ ಬಗ್ಗೆ ಇನ್ನೂ ಒಂದು. ಪಿಆರ್ ಸಿಕ್ಕರೂ ನೀವು ಭಾರತದ ಪ್ರಜೆಯೇ, ಪಾಸ್‌ಪೋರ್ಟ್ ಇದೇ. ಆದರೆ ಎನ್‌ಆರ್‌ಐ ಆದ ಮೇಲೆ ಕೃಷಿ ಜಮೀನು ಕೊಳ್ಳುವಂತಿಲ್ಲ, ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಹಾಗಾಗಿ ಪೌತಿ ಖಾತೆ ಬಾಕಿ ಇದ್ದರೆ, ಅಣ್ಣತಮ್ಮಂದಿರ ಭಾಗ ಆಗದೇ ಉಳಿದಿದ್ದರೆ ಹೊರಡುವ ಮೊದಲೇ ಮುಗಿಸಿ. ಬ್ಯಾಂಕ್ ಖಾತೆಯನ್ನು ಎನ್‌ಆರ್‌ಒ ಮಾಡಿಸಿ. ಆಧಾರ್‌ಗೆ ಜೋಡಿಸಿದ ಸಿಮ್ ಚಾಲೂ ಇಟ್ಟುಕೊಳ್ಳಿ, ಇಲ್ಲಿನ ಎಲ್ಲ ಕೆಲಸಕ್ಕೂ ಒಟಿಪಿ ಬರೋದು ಅದಕ್ಕೇ.

ಅಪ್ಪ ಅಮ್ಮನನ್ನು ಆಮೇಲೆ ಕರೆಸಿಕೊಳ್ತೀವಿ ಅಂತ ಎಲ್ಲರೂ ಹೇಳ್ತಾರೆ. ಕೆನಡಾದ ಸೂಪರ್ ವೀಸಾದಲ್ಲಿ ಒಮ್ಮೆ ಹೋದರೆ 5 ವರ್ಷದವರೆಗೆ ಇರಬಹುದು. ಅದಕ್ಕೆ ಮಕ್ಕಳಿಗೆ ಅಲ್ಲಿ ನಿಗದಿಯಾದಷ್ಟು ಆದಾಯ, ಹೆತ್ತವರಿಗೆ ಆರೋಗ್ಯ ವಿಮೆ ಬೇಕು. ಆದರೆ ಹಸು, ತೋಟ ಬಿಟ್ಟು ಅವರು ಬರ್ತಾರಾ? ಆ ಪ್ರಶ್ನೆಯನ್ನು ಅವರಿಗೇ ಕೇಳಿ, ಅರ್ಜಿ ಹಾಕುವ ಮೊದಲು. ಹೆಂಡತಿಯ ಮನೆಯಲ್ಲೂ ಕೇಳಿ, ಅಲ್ಲೂ ಇಬ್ಬರು ವಯಸ್ಸಾದವರಿದ್ದಾರೆ.

ಇಷ್ಟೆಲ್ಲ ಆದ ಮೇಲೂ ಏಜೆಂಟ್ ಬೇಕು ಅನ್ನಿಸಿದರೆ ಅವರ ಲೈಸೆನ್ಸ್ ನಂಬರ್ ಕೇಳಿ. ಕೆನಡಾ ವಲಸೆಗೆ ದುಡ್ಡು ತಗೊಂಡು ಸಲಹೆ ಕೊಡುವವರು ಅಲ್ಲಿನ ವಲಸೆ ಸಲಹೆಗಾರರ ಕಾಲೇಜಿನಲ್ಲಿ ನೋಂದಾಯಿಸಿರಬೇಕು, ಇಲ್ಲವೇ ಅಲ್ಲಿನ ವಕೀಲರಾಗಿರಬೇಕು. ಹೆಸರು ಹಾಕಿದರೆ ಪಟ್ಟಿ ಆನ್‌ಲೈನಲ್ಲೇ ಸಿಗುತ್ತೆ. ಕೊಲ್ಲಿ ದೇಶಕ್ಕೆ ಕೆಲಸ ಕೊಡಿಸ್ತೀವಿ ಅನ್ನುವವರಾದರೆ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪಟ್ಟಿ ನೋಡಿ. ಅಂಥವರು 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಸೇವಾಶುಲ್ಕ ಕೇಳುವಂತಿಲ್ಲ, ಕೊಟ್ಟದ್ದಕ್ಕೆ ರಸೀದಿ ಕೊಡಲೇಬೇಕು. ನಂಬರ್ ಕೇಳಿದ ತಕ್ಷಣ ಮಾತು ತಿರುಗಿಸಿದರೆ ಫೋನ್ ಇಟ್ಟುಬಿಡಿ.