ನೂರು ಯೆನ್ನಿನ ಆಟದ ಮನೆಗಳು

ಮಕ್ಕಳು ಎಲ್ಲಿ ಆಡುತ್ತಾರೆ, ಯಾರೊಡನೆ ಆಡುತ್ತಾರೆ ಎಂಬುದು ಮಕ್ಕಳೊಂದಿಗರಾದ ಸಂಸಾರಸ್ಥರಿಗೆ ಎಂದಿಗೂ ಅಲ್ಪ ವಿಚಾರವಲ್ಲ. ದೀಪ ಹಚ್ಚುವ ಹೊತ್ತಾದರೂ ಮನೆಗೆ ಬಾರದ ಹುಡುಗನನ್ನು ಅರಸುತ್ತ ಬೀದಿಯ ಕೊನೆಯವರೆಗೆ ಹೋಗದಿದ್ದ ತಂದೆತಾಯಿಗಳು ವಿರಳ. ಹಾಗೆ ಅರಸಿಕೊಂಡು ಹೋಗಬೇಕಾಗಿದ್ದ ಸ್ಥಳಗಳಲ್ಲೊಂದು ಕಳೆದ ಶತಮಾನದ ಉತ್ತರಾರ್ಧದಲ್ಲಿ ಹುಟ್ಟಿ, ಅನೇಕ ದೇಶಗಳಿಗೆ ಹಬ್ಬಿ, ಈಗ ನಾವು ನೋಡುತ್ತಿರುವಂತೆಯೇ ಕ್ಷೀಣದಶೆಗೆ ಬಂದಿದೆ. ವಿಡಿಯೋ ಗೇಮ್ ಆರ್ಕೇಡ್ ಎಂದು ಅದರ ಹೆಸರು; ನಾಣ್ಯವನ್ನು ಹಾಕಿದರೆ ಆಟವಾಡಿಸುವ ಯಂತ್ರಗಳನ್ನು ಸಾಲಾಗಿ ಇಟ್ಟ ಅಂಗಡಿ ಎಂದು ಅದರ ಅರ್ಥ. ಬೆಂಗಳೂರಿನಂತಹ ನಗರಗಳ ಮಾಲುಗಳಲ್ಲಿ, ಮೊದಲೇ ಹಣ ತುಂಬಿಸಿಕೊಂಡ ಕಾರ್ಡನ್ನು ಯಂತ್ರಕ್ಕೆ ತಾಗಿಸಿ ಮಕ್ಕಳು ಆಡುವ ವಿಶಾಲವಾದ ಕೊಠಡಿಗಳನ್ನು ನಮ್ಮ ವಾಚಕರಲ್ಲಿ ಹಲವರು ಕಂಡಿರಬಹುದು. ಅದು ಈ ವಂಶದ ಮೊಮ್ಮಗು. ಅಜ್ಜನ ವೃತ್ತಾಂತವನ್ನು ತಿಳಿಯಬೇಕಾದರೆ ಅಮೆರಿಕವನ್ನು ಒಮ್ಮೆ ಹಾಯ್ದು, ಜಪಾನ್ ದೇಶಕ್ಕೆ ಹೋಗಬೇಕು. ಈ ಆಟದ ಮನೆಗಳು ಅಲ್ಲಿ ಬಹುಕಾಲ ಬಹು ಸೊಗಸಾಗಿ ಬೆಳೆದುವು. ಅಲ್ಲಿ ಅವು ಕುಗ್ಗಿದ ಬಗೆಯಲ್ಲಿ ನಾವು ವಿಚಾರಮಾಡತಕ್ಕ ಅಂಶಗಳೂ ಉಂಟು.

ಈ ವ್ಯಾಪಾರದ ಬೀಜವು ಮೊಳೆತುದು ಅಮೆರಿಕದಲ್ಲಿ. 1972ರಲ್ಲಿ ಕ್ಯಾಲಿಫೋರ್ನಿಯ ಪ್ರಾಂತದ ಸನ್ನಿವೇಲ್ ಎಂಬ ಊರಿನ ಒಂದು ಪಾನಗೃಹದಲ್ಲಿ, ಅಟಾರಿ ಎಂಬ ಸಂಸ್ಥೆಯವರು 'ಪಾಂಗ್' ಎಂಬ ಆಟದ ಪೆಟ್ಟಿಗೆಯೊಂದನ್ನು ಪರೀಕ್ಷಾರ್ಥವಾಗಿ ಇಟ್ಟರು. ತೆರೆಯ ಮೇಲೆ ಎರಡು ಬಿಳಿಯ ಗೆರೆಗಳು, ಅವುಗಳ ನಡುವೆ ಪುಟಿಯುವ ಒಂದು ಚುಕ್ಕೆ, ಆಟವೆಂದರೆ ಇಷ್ಟೇ. ಸ್ವಲ್ಪ ಕಾಲದಲ್ಲಿಯೇ ಯಂತ್ರವು ಕೆಟ್ಟಿತೆಂದು ಕರೆ ಬಂದಿತು. ಅದನ್ನು ನಿರ್ಮಿಸಿದ ಆಲನ್ ಆಲ್ಕಾರ್ನ್ ಎಂಬವರು ಬಂದು ಬಿಚ್ಚಿ ನೋಡಲು, ನಾಣ್ಯಗಳು ತುಂಬಿ ತುಳುಕಿ ಯಂತ್ರವನ್ನು ತಡೆದಿದ್ದುವು. ಪೆಟ್ಟಿಗೆಗೆ ಬಂದಿದ್ದ ರೋಗವು ಅಜೀರ್ಣವೇ ಹೊರತು ಬೇರೆಯಲ್ಲ!

ಆರು ವರ್ಷಗಳ ತರುವಾಯ, 1978ರಲ್ಲಿ, ಜಪಾನಿನ ಟೈಟೋ ಸಂಸ್ಥೆಯ ಟೊಮೊಹಿರೋ ನಿಶಿಕಾಡೋ ಎಂಬವರು 'ಸ್ಪೇಸ್ ಇನ್ವೇಡರ್ಸ್' ಎಂಬ ಆಟವನ್ನು ರಚಿಸಿದರು. ಆಕಾಶದಿಂದ ವಿಚಿತ್ರ ಜೀವಿಗಳು ಸಾಲುಸಾಲಾಗಿ ಕೆಳಕ್ಕಿಳಿಯುವುವು. ಆಡುವವನು ನೆಲದ ಮೇಲಿಂದ ಅವುಗಳನ್ನು ಹೊಡೆಯಬೇಕು. ಶತ್ರುಗಳು ಕಡಮೆಯಾದಂತೆಲ್ಲ ಉಳಿದವರ ವೇಗವು ಹೆಚ್ಚುವುದು. ನಿಶಿಕಾಡೋ ಅವರು ಇದನ್ನು ಮೊದಲೇ ಎಣಿಸಿ ಮಾಡಿದುದಲ್ಲ. ತೆರೆಯ ಮೇಲೆ ಬರೆಯಬೇಕಾದ ಚಿತ್ರಗಳು ಕಡಮೆಯಾದಾಗ ಯಂತ್ರದ ಭಾರವಿಳಿದು ಅದು ತಾನಾಗಿಯೇ ಚುರುಕಾಯಿತು. ಅದರಿಂದ ಆಟಕ್ಕೆ ರಸ ಬಂದುದನ್ನು ಕಂಡು ಅವರು ಹಾಗೆಯೇ ಬಿಟ್ಟರು. ಕಾಫಿ ಅಂಗಡಿಗಳ ಮೇಜುಗಳನ್ನು ತೆಗೆದು, ಗಾಜಿನ ಮುಚ್ಚಳದ ಕೆಳಗೆ ಈ ಆಟವನ್ನಡಗಿಸಿದ ಮೇಜುಗಳನ್ನು ಹಾಕಿದರು. ಈ ಆಟವೊಂದಕ್ಕಾಗಿಯೇ ಅಂಗಡಿಗಳು ತೆರೆದುವು. ಒಂದು ಆಟಕ್ಕೆ ಬೆಲೆ ನೂರು ಯೆನ್, ಎಂದರೆ ಒಂದು ನಾಣ್ಯ. ಈ ನಾಣ್ಯವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಕಥೆಯೆಲ್ಲ ಅದರ ಸುತ್ತಲೇ ತಿರುಗುವುದು.

ಅಲ್ಲಿಂದ ಮುಂದೆ ಇಪ್ಪತ್ತು ವರ್ಷಗಳ ಕಾಲ ಹೊಸ ಹೊಸ ಆಟಗಳು ಒಂದರ ಹಿಂದೊಂದು ಬಂದುವು. ಆಟದ ಮನೆಯು ಗಂಡುಹುಡುಗರ ಗದ್ದಲದ ತಾಣವಾಗಿರುವುದನ್ನು ಕಂಡ ನಾಮ್ಕೋ ಸಂಸ್ಥೆಯ ಟೋರು ಇವತಾನಿ ಎಂಬವರು, ಹೆಣ್ಣುಮಕ್ಕಳಿಗೂ ರುಚಿಸಲೆಂದು, ತಿನ್ನುವುದನ್ನೇ ವಸ್ತುವಾಗಿ ಮಾಡಿಕೊಂಡು 1980ರಲ್ಲಿ 'ಪ್ಯಾಕ್-ಮ್ಯಾನ್' ಆಟವನ್ನು ಹೊರತಂದರು. 1985ರಲ್ಲಿ ಸೇಗಾ ಸಂಸ್ಥೆಯವರು, ಗಾಜಿನ ಮನೆಯೊಳಗಿನ ಗೊಂಬೆಗಳನ್ನು ಉಕ್ಕಿನ ಕೈಯಿಂದ ಎತ್ತುವ ಕ್ರೇನ್ ಯಂತ್ರವನ್ನು ಮಾಡಿದರು. 1991ರಲ್ಲಿ ಕ್ಯಾಪ್‌ಕಾಮ್ ಸಂಸ್ಥೆಯವರ 'ಸ್ಟ್ರೀಟ್ ಫೈಟರ್ 2' ಎಂಬ ಮಲ್ಲಯುದ್ಧದ ಆಟವೂ, 1998ರಲ್ಲಿ ಕೊನಾಮಿ ಸಂಸ್ಥೆಯವರ, ಕಾಲಿನಿಂದ ಹೆಜ್ಜೆ ಹಾಕಿ ಆಡುವ ನೃತ್ಯದ ಆಟವೂ ಬಂದುವು.

ಆದರೆ ಯಂತ್ರಗಳ ಪಟ್ಟಿಯನ್ನು ಕೊಟ್ಟ ಮಾತ್ರಕ್ಕೆ ಆಟದ ಮನೆಯನ್ನು ವರ್ಣಿಸಿದಂತಾಗದು. ಊರ ಜಾತ್ರೆಯನ್ನು ತೊಟ್ಟಿಲು-ತಿರುಗಣೆಗಳ ಲೆಕ್ಕದಿಂದ ಅಳೆಯಲಾದೀತೆ? ಜಪಾನಿನಲ್ಲಿ ಮಲ್ಲಯುದ್ಧದ ಆಟಗಳಿಗಾಗಿ ಎರಡು ಪೆಟ್ಟಿಗೆಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸುವ ಪದ್ಧತಿ ಇತ್ತು. ಎದುರಾಳಿಯ ಮುಖವು ಕಾಣುತ್ತಿರಲಿಲ್ಲ. ಆಟ ಮುಗಿದು ಏಳುವಾಗ, ತನ್ನನ್ನು ಸೋಲಿಸಿದವನು ದೊಡ್ಡ ಉದ್ಯೋಗಿಯೋ ಶಾಲೆಯ ಬಾಲಕನೋ ಎಂಬುದು ತಿಳಿಯುತ್ತಿತ್ತು. ಗೆದ್ದವನು ಕುಳಿತೇ ಇರುವನು. ಸೋತವನು ಎದ್ದು, ಹಿಂದೆ ಕಾದು ನಿಂತವನಿಗೆ ಸ್ಥಳ ಬಿಡಬೇಕು. ಅಮೆರಿಕದಲ್ಲಿಯಾದರೆ ಮುಂದಿನ ಸರದಿ ತನ್ನದೆಂಬುದಕ್ಕೆ ಗುರುತಾಗಿ ತನ್ನ ನಾಣ್ಯವನ್ನು ಯಂತ್ರದ ಅಂಚಿನ ಮೇಲೆ ಇಡುತ್ತಿದ್ದರು. ಹೀಗಿಡಬೇಕೆಂದು ಯಾವ ಕಾನೂನೂ ಇರಲಿಲ್ಲ. ಸರದಿಯ ಮರ್ಯಾದೆಯನ್ನು ಹುಡುಗರೇ ಕಟ್ಟಿ ಹುಡುಗರೇ ಪಾಲಿಸಿದರು. ಜಪಾನಿನ ಅನೇಕ ಆಟದ ಮನೆಗಳಲ್ಲಿ ಮೂಲೆಯೊಂದರಲ್ಲಿ ಒಂದು ಪುಸ್ತಕವನ್ನಿಡುತ್ತಿದ್ದರು. ಬಂದವರು ಅದರಲ್ಲಿ ಆಟದ ಮರ್ಮಗಳನ್ನೂ ಚಿತ್ರಗಳನ್ನೂ ತಮ್ಮ ಸುಖದುಃಖಗಳನ್ನೂ ಬರೆದಿಡುವರು. ಮಾರನೆಯ ದಿನ ಮತ್ತೊಬ್ಬರು, ಬರೆದವರ ಹೆಸರನ್ನೂ ಅರಿಯದೆ, ಅದಕ್ಕೆ ಉತ್ತರವನ್ನು ಬರೆಯುವರು.

ಗೃಹಸ್ಥರಿಗೆ ಮಾತ್ರ ಈ ಸ್ಥಳಗಳಲ್ಲಿ ಪೂರ್ಣ ವಿಶ್ವಾಸವಿರಲಿಲ್ಲ. ಆ ಭಯವು ನಿರಾಧಾರವೆಂದು ನಾವು ಹೇಳಲಾರೆವು. ಮಂದವಾದ ಬೆಳಕು, ಹೊಗೆಸೊಪ್ಪಿನ ಧೂಮ, ಅಪರಿಚಿತರ ಸಂಗ, ಕೈಗೊಟ್ಟ ಹಣವೆಲ್ಲ ನಾಣ್ಯ ನಾಣ್ಯವಾಗಿ ಕರಗಿಹೋಗುವ ಬಗೆ, ಇವನ್ನು ಕಂಡು ಯಾವ ತಾಯಿಯು ಸಂತೋಷಪಟ್ಟಾಳು? 1984ರಲ್ಲಿ ಜಪಾನಿನ ಸರಕಾರವು ಮನರಂಜನೆಯ ವ್ಯಾಪಾರಗಳನ್ನು ಹತೋಟಿಯಲ್ಲಿಡುವ ಕಾನೂನನ್ನು ತಿದ್ದಿ, ಗೇಮ್ ಸೆಂಟರುಗಳೆಂದು ಅಲ್ಲಿ ಕರೆಯುವ ಈ ಅಂಗಡಿಗಳನ್ನು ಅದರ ಅಧೀನಕ್ಕೆ ತಂದಿತು. ಪೊಲೀಸರ ಅನುಮತಿಪತ್ರ ಬೇಕಾಯಿತು. ರಾತ್ರಿ ವ್ಯಾಪಾರಕ್ಕೆ ಮಿತಿ ಬಂದಿತು. ಹದಿನೆಂಟು ತುಂಬದವರು ರಾತ್ರಿ ಹತ್ತು ಗಂಟೆಯ ಮೇಲೆ ಒಳಗಿರಕೂಡದೆಂದಾಯಿತು.

ಆ ಅನುಮತಿಪತ್ರಗಳಿಂದಲೇ ಇಂದು ನಮಗೆ ಇಳಿತದ ಲೆಕ್ಕವು ದೊರೆಯುತ್ತದೆ. ಪೊಲೀಸ್ ಇಲಾಖೆಯ ಎಣಿಕೆಯಂತೆ 1986ರಲ್ಲಿ ಜಪಾನಿನಲ್ಲಿದ್ದ ಗೇಮ್ ಸೆಂಟರುಗಳು ಸುಮಾರು 26,000. 2019ರಲ್ಲಿ ಉಳಿದವು ಸುಮಾರು 4,000. ಆರರಲ್ಲಿ ಐದಕ್ಕೂ ಹೆಚ್ಚು ಪಾಲು ಮೂವತ್ತಮೂರು ವರ್ಷಗಳಲ್ಲಿ ಅಳಿದುಹೋಯಿತು.

ಇದಕ್ಕೆ ಕಾರಣವೇನೆಂದು ಕೇಳಿದರೆ, ಆಟವು ಮನೆಗೇ ಬಂದಿತು, ಅಂಗಡಿಗೆ ಹೋಗುವವರಾರು ಎಂದು ಎಲ್ಲರೂ ಉತ್ತರ ಕೊಡುವರು. ಈ ಉತ್ತರವು ಸುಳ್ಳಲ್ಲ. 1983ರಲ್ಲಿ ನಿಂಟೆಂಡೋ ಸಂಸ್ಥೆಯವರ ಮನೆಯ ಯಂತ್ರವು ಬಂದಾಗ ಅಂಗಡಿಯ ಆಟವೇ ಹೆಚ್ಚು ಅಂದವಾಗಿತ್ತು. ಮನೆಯಲ್ಲಿ ಆಡಿದವನು ನಿಜವಾದ ರೂಪವನ್ನು ನೋಡಲು ಅಂಗಡಿಗೆ ಹೋಗುತ್ತಿದ್ದನು. 1994ರಲ್ಲಿ ಸೋನಿಯವರ ಪ್ಲೇಸ್ಟೇಷನ್ ಬಂದ ಮೇಲೆ ಆ ಅಂತರವು ಅಳಿಯುತ್ತ ಬಂದಿತು. ಆಮೇಲೆ ಮೊಬೈಲ್ ಫೋನು ಪ್ರತಿಯೊಬ್ಬರ ಜೇಬಿಗೂ ಆಟವನ್ನು ತಂದಿಟ್ಟಿತು.

ಆದರೆ ಇನ್ನೊಂದು ಕಾರಣವುಂಟು. ಮನೆವಾರ್ತೆಯ ಲೆಕ್ಕವನ್ನು ಬಲ್ಲ ನಮ್ಮ ವಾಚಕರಿಗೆ ಅದು ಬೇಗನೆ ಮನದಟ್ಟಾಗುವುದು. ಅಕ್ಕಿಯ ಬೆಲೆ ಏರಿದರೆ ಹೋಟೆಲಿನವನು ದೋಸೆಯ ಬೆಲೆಯನ್ನು ಸ್ವಲ್ಪ ಏರಿಸುತ್ತಾನೆ. ಆಟದ ಮನೆಯವನಿಗೆ ಅದು ಸಾಧ್ಯವಾಗಲಿಲ್ಲ. ಅವನ ಯಂತ್ರವು ತಿಳಿದುದು ನೂರು ಯೆನ್ನಿನ ನಾಣ್ಯವನ್ನು ಮಾತ್ರ. ಅದರ ಮೇಲಿನ ನಾಣ್ಯವು ಐನೂರರದು, ನಡುವೆ ಬೇರೊಂದಿಲ್ಲ. ಎರಡು ನಾಣ್ಯ ಕೇಳಿದರೆ ಬೆಲೆ ಇಮ್ಮಡಿಯಾಗಿ ಗಿರಾಕಿಯು ಹೊರಟುಹೋಗುವನು. 1989ರಲ್ಲಿ ಜಪಾನಿನಲ್ಲಿ ನೂರಕ್ಕೆ 3ರಂತೆ ಮಾರಾಟದ ತೆರಿಗೆಯನ್ನು ಹಾಕಿದರು. ಅದು 1997ರಲ್ಲಿ 5, 2014ರಲ್ಲಿ 8, 2019ರಲ್ಲಿ 10 ಆಯಿತು. ಉಳಿದ ವ್ಯಾಪಾರಿಗಳು ತೆರಿಗೆಯನ್ನು ಬೆಲೆಯ ಮೇಲೆ ಸೇರಿಸಿದರು. ಆಟದ ಮನೆಯವನು ಅದೇ ನೂರರೊಳಗಿಂದ ತೆಗೆದುಕೊಡಬೇಕಾಯಿತು. ಮೊದಲು ನೂರಕ್ಕೆ ನೂರು ಅವನದಾಗಿದ್ದುದು, ಕೊನೆಗೆ ತೊಂಬತ್ತೊಂದರಷ್ಟಕ್ಕೆ ಇಳಿಯಿತು. ಬಾಡಿಗೆ, ವಿದ್ಯುಚ್ಛಕ್ತಿ, ಕೆಲಸದವರ ಸಂಬಳ ಇವುಗಳೆಲ್ಲ ಆ ತೊಂಬತ್ತೊಂದರಲ್ಲಿಯೇ ಆಗಬೇಕು. ಇಂಟರ್‌ನೆಟ್ಟಿನ ಮೂಲಕ ನಡೆಯುವ ಹೊಸ ಆಟಗಳಲ್ಲಾದರೆ ಪ್ರತಿಯೊಂದು ಆಟದ ಹಣದಲ್ಲಿಯೂ ಯಂತ್ರ ಮಾಡಿದವರಿಗೆ ಪಾಲು ಸಲ್ಲಬೇಕು. ಎಷ್ಟೋ ಅಂಗಡಿಗಳಲ್ಲಿ ನಲವತ್ತು ವರ್ಷ ಕಳೆದರೂ ಆಟದ ಬೆಲೆ ಅದೇ ಒಂದು ನಾಣ್ಯವಾಗಿತ್ತು. ಅಗ್ಗವೆಂದು ಯಾವುದನ್ನು ಜನರು ಮೆಚ್ಚಿದರೋ ಅದೇ ಅಂಗಡಿಯವನ ಕೊರಳಿಗೆ ಉರುಳಾಯಿತು. ಗಲ್ಲಿಯ ಸಣ್ಣ ಅಂಗಡಿಗಳು ಮೊದಲು ಮುಚ್ಚಿದುವು.

ಈ ಸ್ಥಿತಿಯಲ್ಲಿ 2020ರ ಕೊರೋನಾ ವ್ಯಾಧಿಯು ಬಂದಿತು. ಜನರು ಒತ್ತೊತ್ತಾಗಿ ನಿಂತು, ಒಬ್ಬರು ಮುಟ್ಟಿದ ಗುಂಡಿಗಳನ್ನೇ ಮತ್ತೊಬ್ಬರು ಮುಟ್ಟುವ ಸ್ಥಳಕ್ಕೆ ಇದಕ್ಕಿಂತ ಕ್ರೂರವಾದ ಶತ್ರು ಬೇರೊಂದಿರಲಾರದು. ಟೋಕಿಯೋದ ಅಕಿಹಬಾರಾ ಪೇಟೆಯಲ್ಲಿ ಎಲ್ಲರ ಗುರುತಿಗೂ ಬಂದಿದ್ದ ಸೇಗಾ ಸಂಸ್ಥೆಯ ಕೆಂಪು ಕಟ್ಟಡಗಳಲ್ಲಿ ಒಂದು ಆ ವರ್ಷದ ಆಗಸ್ಟ್ ತಿಂಗಳಲ್ಲಿ ಮುಚ್ಚಿತು. ವರ್ಷಾಂತ್ಯಕ್ಕೆ ಸೇಗಾ ಸಂಸ್ಥೆಯವರು ಆಟದ ಮನೆಗಳ ವ್ಯಾಪಾರದ ಬಹುಭಾಗವನ್ನು ಗೆಂಡಾ ಎಂಬ ಸಂಸ್ಥೆಗೆ ಮಾರಿ, 2022ರಲ್ಲಿ ಮಿಕ್ಕುದನ್ನೂ ಬಿಟ್ಟುಕೊಟ್ಟರು. ಅಂಗಡಿಗಳ ನೆತ್ತಿಯಿಂದ ಸೇಗಾ ಹೆಸರು ಇಳಿದು 'ಗೀಗೋ' ಎಂಬ ಹೆಸರು ಏರಿತು. ಇದಕ್ಕೆ ಮುಂಚೆ, 2021ರ ಸೆಪ್ಟೆಂಬರಿನಲ್ಲಿ, ಇಕೆಬುಕುರೋ ಬಡಾವಣೆಯಲ್ಲಿ 28 ವರ್ಷ ನಡೆದ ಆಟದ ಮನೆಯೊಂದು ಮುಚ್ಚುವ ರಾತ್ರಿ, ಬೀದಿಯಲ್ಲಿ ಜನರು ಗುಂಪುಕೂಡಿ ಬೀಳ್ಕೊಟ್ಟರು. ಬಾಲ್ಯವನ್ನು ಅಲ್ಲಿ ಕಳೆದು, ಈಗ ತಾವೇ ಸಂಸಾರಸ್ಥರಾದವರ ಪಾಲಿಗೆ ಅದು ಒಂದು ಅಂಗಡಿಯಷ್ಟೇ ಆಗಿರಲಿಲ್ಲವೆಂಬುದು ಸ್ಪಷ್ಟ.

ಹಾಗಾದರೆ ಮುಂದೇನು? ಮೂರು ದಾರಿಗಳು ತೋರುತ್ತಿವೆ. ಮೊದಲನೆಯದು ಕ್ರೇನ್ ಯಂತ್ರದ ದಾರಿ. ಇಂದು ಜಪಾನಿನ ಆಟದ ಮನೆಗಳ ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಗೊಂಬೆ ಎತ್ತುವ ಈ ಯಂತ್ರಗಳಿಂದಲೇ. ಗೆಂಡಾ ಸಂಸ್ಥೆಯವರು ಇಕೆಬುಕುರೋದಲ್ಲಿಯೇ 2023ರಲ್ಲಿ ಮತ್ತೊಂದು ದೊಡ್ಡ ಮನೆಯನ್ನು ತೆರೆದರು. ಆದಕಾರಣ ವ್ಯಾಪಾರವು ಸತ್ತಿತೆನ್ನುವಂತಿಲ್ಲ. ಆದರೆ ಗೊಂಬೆಗಾಗಿ ಬಂದವನು ಗೊಂಬೆಯೊಡನೆ ಹೊರಡುತ್ತಾನೆ. ಎದುರಾಳಿಯೂ ಇಲ್ಲ, ಸರದಿಯ ಹರಟೆಯೂ ಇಲ್ಲ. ಎರಡನೆಯದು ಸಂಗ್ರಹಾಲಯದ ದಾರಿ. ಅಮೆರಿಕದ ಷಿಕಾಗೋ ನಗರದ ಸಮೀಪದಲ್ಲಿ 2010ರಲ್ಲಿ ಆರಂಭವಾದ 'ಗ್ಯಾಲಪಿಂಗ್ ಘೋಸ್ಟ್' ಎಂಬಲ್ಲಿ ನಾಣ್ಯದ ಗೊಡವೆಯೇ ಇಲ್ಲ. ಬಾಗಿಲಲ್ಲಿ ಒಂದು ದಿನದ ಶುಲ್ಕವನ್ನು ಕೊಟ್ಟು ಹಳೆಯ ನೂರಾರು ಯಂತ್ರಗಳಲ್ಲಿ ಬೇಕಾದಷ್ಟು ಆಡಬಹುದು. ನಾಣ್ಯದ ಉರುಳಿನಿಂದ ಇದು ತಪ್ಪಿಸಿಕೊಂಡಿದೆ. ಆದರೆ ಹಳೆಯ ಗಾಜಿನ ಚಿತ್ರನಳಿಕೆಗಳ ತಯಾರಿಕೆಯು ಬಹುಮಟ್ಟಿಗೆ ನಿಂತಿರುವುದರಿಂದ, ಒಂದು ಯಂತ್ರವನ್ನು ಬದುಕಿಸಲು ಮತ್ತೊಂದನ್ನು ಬಿಚ್ಚಬೇಕಾಗುತ್ತದೆ. ಮೂರನೆಯದು ಅಭಿಮಾನಿಗಳ ದಾರಿ. ಟೋಕಿಯೋದ ತಕದನೊಬಾಬಾ ಬಡಾವಣೆಯ 'ಮಿಕಾಡೋ' ಎಂಬ ಆಟದ ಮನೆಯು ಹಳೆಯ ಆಟಗಳ ಪಂದ್ಯಗಳನ್ನು ಏರ್ಪಡಿಸಿ, ಇಂಟರ್‌ನೆಟ್ಟಿನಲ್ಲಿ ದೂರದವರಿಗೂ ತೋರಿಸುತ್ತ ಬಂದಿತು. 2020ರ ಕಷ್ಟಕಾಲದಲ್ಲಿ ಅದು ಸಹಾಯ ಬೇಡಿದಾಗ ಆ ಅಭಿಮಾನಿಗಳೇ ಹಣ ಕೂಡಿಸಿ ಕಾಪಾಡಿದರು. ಈ ಮೂರು ದಾರಿಗಳಲ್ಲಿ ಯಾವುದು ದೂರ ಹೋದೀತೆಂದು ಹೇಳುವ ಧೈರ್ಯವು ನಮಗಿಲ್ಲ. ಆದರೆ ಮಕ್ಕಳಿಗೆ ನಾವು ಬಯಸತಕ್ಕುದು ಕೊನೆಯ ದಾರಿಯಲ್ಲಿ ಹೆಚ್ಚಾಗಿ ಉಳಿದಿದೆಯೆಂದು ನಮ್ಮ ಮನಸ್ಸಿಗೆ ತೋರುತ್ತದೆ.

ಏಕೆಂದರೆ ಇಲ್ಲಿ ಪಣವಾಗಿರುವುದು ಯಂತ್ರವಲ್ಲ. ಹುಡುಗನು ಮನೆಗೆ ಬರಲೆಂದು ಹಿರಿಯರು ಬಯಸಿದರು. ಅವರ ಹಾರೈಕೆ ಕೈಗೂಡಿತು. ಹುಡುಗನು ಬಂದನು, ಅವನ ಹಿಂದೆಯೇ ಆಟವೂ ಬಂದಿತು. ಬಾರದೆ ಹೋದುದು ಜೊತೆ ಮಾತ್ರ. ಅಪರಿಚಿತನ ಮುಂದೆ ಸೋತು, ಮುಖ ಸಣ್ಣದು ಮಾಡಿಕೊಳ್ಳದೆ ಎದ್ದು ಸ್ಥಳ ಬಿಡುವುದು. ತನಗಿಂತ ಚಿಕ್ಕವನ ಕೈಚಳಕವನ್ನು ನಿಂತು ನೋಡಿ ಮೆಚ್ಚುವುದು. ಸರದಿ ಬರುವವರೆಗೆ ಕಾಯುವುದು. ಕೈಯಲ್ಲಿರುವುದು ಕೊನೆಯ ನಾಣ್ಯವೆಂದು ತಿಳಿದು ಎಚ್ಚರದಿಂದ ಆಡುವುದು: ಇವು ಮುಚ್ಚಿದ ಕೋಣೆಯಲ್ಲಿ ಒಬ್ಬನೇ ಕುಳಿತು ಕಲಿಯುವ ವಿದ್ಯೆಗಳಲ್ಲ. ಇಂಟರ್‌ನೆಟ್ಟಿನ ಆಟಗಳಲ್ಲಿಯೂ ಎದುರಾಳಿಗಳುಂಟು. ಆದರೆ ಅಲ್ಲಿ ಸೋತವನು ಯಂತ್ರವನ್ನು ಆರಿಸಿದರೆ ಮುಗಿಯಿತು, ಅವನು ಯಾರ ಮುಖವನ್ನೂ ನೋಡಬೇಕಾಗಿಲ್ಲ.

ಜಪಾನಿನ ಆಟದ ಮನೆಗಳನ್ನು ಉಳಿಸುವುದು ನಮ್ಮ ಕೈಯಲ್ಲಿಲ್ಲ. ಆದರೆ ನಮ್ಮ ಬೀದಿಯ ಮಕ್ಕಳಿಗೆ ಜೊತೆಗೂಡಿ ಆಡುವ ಒಂದು ಜಗಲಿಯಾಗಲಿ ಬಯಲಾಗಲಿ ಉಳಿದಿದೆಯೇ ಎಂದು ನೋಡುವುದು ನಮ್ಮ ಕೈಯಲ್ಲಿಯೇ ಇದೆ. ಇಂದು ಸಂಜೆ ಮಗನೋ ಮಗಳೋ ಫೋನನ್ನು ಹಿಡಿದು ಮೂಲೆಯಲ್ಲಿ ಕುಳಿತಿದ್ದರೆ, ಗದರಿಸುವುದಕ್ಕೆ ಮುಂಚೆ ಹತ್ತಿರ ಹೋಗಿ ಕುಳಿತು, ಆ ಆಟವನ್ನು ನಮಗೂ ಕಲಿಸೆಂದು ಕೇಳೋಣ. ನಾವು ಸೋಲುವುದು ನಿಶ್ಚಯ. ಸೋತವರು ಎದ್ದು ಸ್ಥಳ ಬಿಡುವ ಬಗೆಯನ್ನು ಮಕ್ಕಳು ನಮ್ಮನ್ನು ನೋಡಿಯಾದರೂ ಕಲಿಯಲಿ.