ಬಳಲಿಕೆಗೆ ದೇಹದ ಸಾಕ್ಷ್ಯ: ತಪ್ಪು ಕಲ್ಪನೆ ಮತ್ತು ಸತ್ಯ

ದುಡಿಮೆಯ ಭಾರದಿಂದ ಬಸವಳಿದವರ ಅವಸ್ಥೆಗೆ 1974ರಲ್ಲಿ ನ್ಯೂಯಾರ್ಕಿನ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಅವರು ಬರ್ನ್‌ಔಟ್ ಎಂಬ ಹೆಸರನ್ನು ಬಳಕೆಗೆ ತಂದಂದಿನಿಂದ, ಆ ಬಳಲಿಕೆಯನ್ನೂ ಅದರ ಉಪಶಮನವನ್ನೂ ದೇಹದಲ್ಲಿಯೇ ಅಳೆದು ತೋರಿಸಬೇಕೆಂಬ ಆಸೆ ಬಲಿಯುತ್ತ ಬಂದಿದೆ. ಆಸೆ ಸಾಧುವಾದುದೇ, ಆದರೆ ಅದರ ನೆರಳಿನಲ್ಲಿ ಬೆಳೆದ ಭ್ರಮೆಗಳು ನೊಂದವರನ್ನು ಮತ್ತಷ್ಟು ನೋಯಿಸುವುದುಂಟು.

ತಪ್ಪು ಕಲ್ಪನೆ: ರಕ್ತಪರೀಕ್ಷೆಯೊಂದರಿಂದಲೇ ಬರ್ನ್‌ಔಟ್ ಇದೆಯೋ, ವಾಸಿಯಾಯಿತೋ ಎಂದು ನಿರ್ಣಯಿಸಬಹುದು.

ಸತ್ಯ: ಅಂತಹ ನಿರ್ಣಾಯಕ ಗುರುತು ಈವರೆಗೆ ದೊರೆತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕೃತವಾದ ತನ್ನ ರೋಗವರ್ಗೀಕರಣದಲ್ಲಿ ಇದನ್ನು ರೋಗವೆಂದು ಕರೆಯದೆ, ಉದ್ಯೋಗಸಂಬಂಧಿ ವಿದ್ಯಮಾನವೆಂದೇ ಎಣಿಸಿದೆ. ಶಕ್ತಿಗುಂದುವಿಕೆ, ಕೆಲಸದಲ್ಲಿ ವಿಮುಖತೆ, ಕಾರ್ಯಸಾಮರ್ಥ್ಯದ ಇಳಿಕೆ ಎಂಬ ಮೂರು ಲಕ್ಷಣಗಳನ್ನು ಅರಿಯಲು ಇಂದಿಗೂ, ಕ್ರಿಸ್ಟಿನಾ ಮಾಸ್ಲಾಕ್ ಅವರು 1981ರಲ್ಲಿ ಸಹೋದ್ಯೋಗಿಯೊಡನೆ ಪ್ರಕಟಿಸಿದಂತಹ ಪ್ರಶ್ನಾವಳಿಗಳೇ ಮುಖ್ಯ ಸಾಧನಗಳಾಗಿವೆ.

ತಪ್ಪು ಕಲ್ಪನೆ: ಬಳಲಿದವರಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಏರಿರುತ್ತದೆ, ಚಿಕಿತ್ಸೆ ಫಲಿಸಿದರೆ ಅದು ಇಳಿಯಲೇಬೇಕು.

ಸತ್ಯ: ಈ ಹಾರ್ಮೋನು ದಿನವಿಡೀ ಒಂದೇ ಮಟ್ಟದಲ್ಲಿ ನಿಲ್ಲುವಂತಹದಲ್ಲ, ಎಚ್ಚರವಾದ ಮೇಲೆ ಅರ್ಧ ಮುಕ್ಕಾಲು ಗಂಟೆಯೊಳಗೆ ಉತ್ತುಂಗಕ್ಕೇರಿ, ನಡುರಾತ್ರಿಯ ಹೊತ್ತಿಗೆ ತಗ್ಗುವುದು. ಬರ್ನ್‌ಔಟ್ ಆದವರಲ್ಲಿ ಕೆಲವು ಅಧ್ಯಯನಗಳು ಏರಿಕೆಯನ್ನೂ, ಕೆಲವು ಇಳಿಕೆಯನ್ನೂ, ಉಳಿದವು ಯಾವ ಭೇದವೂ ಇಲ್ಲದಿರುವುದನ್ನೂ ಕಂಡಿವೆ. ಆದುದರಿಂದ ಎಚ್ಚರಿಕೆಯುಳ್ಳ ಸಂಶೋಧಕರು ಅದನ್ನು ಅಳೆಯಲು ನಿಯತ ವೇಳೆಗಳಲ್ಲಿ ಹಲವು ಸಲ ಜೊಲ್ಲನ್ನು ಸಂಗ್ರಹಿಸುವರು. ಅಥವಾ ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುವ ತಲೆಗೂದಲಿನಲ್ಲಿ ಕಳೆದ ತಿಂಗಳುಗಳ ಕಾರ್ಟಿಸಾಲನ್ನು ಅಳೆಯುವರು.

ತಪ್ಪು ಕಲ್ಪನೆ: ಕಾರ್ಟಿಸಾಲನ್ನು ಸ್ರವಿಸುವ ಅಡ್ರಿನಲ್ ಗ್ರಂಥಿಗಳು ದಣಿದು ಬರಿದಾಗುವುದೇ ಬರ್ನ್‌ಔಟಿಗೆ ಕಾರಣ.

ಸತ್ಯ: 2016ರಲ್ಲಿ ಪ್ರಕಟವಾದ ಒಂದು ಕ್ರಮಬದ್ಧ ಸಮೀಕ್ಷೆಯು ಈ ‘ಅಡ್ರಿನಲ್ ದಣಿವಿಗೆ’ ಆಧಾರವಿಲ್ಲವೆಂದು ತೀರ್ಮಾನಿಸಿತು. ಆ ಗ್ರಂಥಿಗಳು ನಿಜವಾಗಿ ಕೆಡುವ ಆಡಿಸನ್ ರೋಗವೇ ಬೇರೆ. ಈ ಕಲ್ಪಿತ ದಣಿವನ್ನು ನೀಗಲೆಂದು ವೈದ್ಯರನ್ನು ಕೇಳದೆ ಸ್ಟಿರಾಯ್ಡ್ ಮಾತ್ರೆಗಳನ್ನು ಸೇವಿಸಿದರೆ ಸ್ವಸ್ಥವಾದ ಗ್ರಂಥಿಯೂ ತನ್ನ ಕೆಲಸವನ್ನು ಕುಗ್ಗಿಸಿಕೊಳ್ಳುವುದು.

ತಪ್ಪು ಕಲ್ಪನೆ: ಚಿಕಿತ್ಸೆಯ ಬಳಿಕ ಅಂಕಿ ಬದಲಾದರೆ ಅದು ಚಿಕಿತ್ಸೆಯ ಫಲವೇ ಸರಿ.

ಸತ್ಯ: ಮನುಷ್ಯನು ಚಿಕಿತ್ಸೆಯನ್ನು ಅರಸುವುದು ಬಹುಶಃ ತನ್ನ ಕಷ್ಟ ಶಿಖರಕ್ಕೇರಿದಾಗ, ಅಲ್ಲಿಂದ ಕೆಲಮಟ್ಟಿಗಿನ ಇಳಿತ ಏನೂ ಮಾಡದಿದ್ದರೂ ಸಂಭವಿಸುವುದುಂಟು. ರಜೆ, ನಿದ್ರೆ, ಔಷಧಗಳೂ ಅಳತೆಯನ್ನು ಬದಲಿಸಬಲ್ಲವು. ಚಿಕಿತ್ಸೆ ಪಡೆದವರನ್ನೂ ಪಡೆಯದವರನ್ನೂ ಚೀಟಿಯೆತ್ತಿದಂತೆ ವಿಂಗಡಿಸಿ ಹೋಲಿಸಿದಲ್ಲದೆ ಫಲವನ್ನು ಸಾರುವುದು ನ್ಯಾಯವಲ್ಲ. ಹಾಗೆಯೇ, ಅಂಕಿ ಕದಲಲಿಲ್ಲವೆಂಬ ಮಾತ್ರದಿಂದ ನೆಮ್ಮದಿಯ ನಿದ್ರೆಯನ್ನೂ ಕೆಲಸದ ಉತ್ಸಾಹವನ್ನೂ ಮರಳಿ ಪಡೆದವನ ಮಾತನ್ನು ಸುಳ್ಳೆನ್ನಲಾಗದು.

ಹಾಗೆಂದು ರಕ್ತಪರೀಕ್ಷೆ ನಿರರ್ಥಕವಲ್ಲ: ಇದೇ ಬಗೆಯ ಬಳಲಿಕೆಯನ್ನು ತರುವ ರಕ್ತಹೀನತೆ, ಥೈರಾಯ್ಡ್ ದೋಷ, ಮಧುಮೇಹಗಳನ್ನು ಅದು ಹೊರಗೆಡಹಬಲ್ಲುದು. ಓದುಗರೇ, ಬಿಡದ ದಣಿವಿದ್ದರೆ ಮೊದಲು ಇವುಗಳನ್ನು ಪರೀಕ್ಷಿಸಿಕೊಳ್ಳಿರಿ. ವರದಿಯಲ್ಲಿ ದೋಷ ಕಾಣದಿದ್ದರೂ ನಿಮ್ಮ ಬಳಲಿಕೆ ನಿಜವೆಂಬುದನ್ನು ಮರೆಯದಿರಿ.